ಮೊಟ್ಟೆಯ ಬೆಲೆ ತೂಗಾಡುವುದೇಕೆ?

ಕೊಳ್ಳೇಗಾಲದ ಅಂಗಡಿಗಳಲ್ಲಿ ಮೊಟ್ಟೆಯ ಬೆಲೆ ಕೆಲವು ತಿಂಗಳು ಏರಿ ಕೆಲವು ತಿಂಗಳು ಇಳಿಯುವುದನ್ನು ನಾವೆಲ್ಲರೂ ಕಂಡಿದ್ದೇವೆ. ಕೋಳಿಯಾದರೋ ಹೆಚ್ಚುಕಡಿಮೆ ದಿನಕ್ಕೊಂದರಂತೆ ಮೊಟ್ಟೆಯಿಡುತ್ತದೆ. ಉತ್ಪತ್ತಿ ಇಷ್ಟು ಕ್ರಮಬದ್ಧವಾಗಿರುವಾಗ ಬೆಲೆ ತೂಗಾಡುವುದೇಕೆ? ಸ್ವಲ್ಪ ವಿಚಾರ ಮಾಡೋಣ.

ಮೊದಲು ಖರ್ಚಿನ ಲೆಕ್ಕ. ಮೊಟ್ಟೆಗೆಂದೇ ಸಾಕುವ ಕೋಳಿ ದಿನಕ್ಕೆ ಸುಮಾರು 110 ಗ್ರಾಂ ಆಹಾರ ತಿನ್ನುತ್ತದೆ. 100 ಕೋಳಿಗಳು 11 ಕಿಲೋಗ್ರಾಂ ತಿಂದು 88 ಮೊಟ್ಟೆಗಳನ್ನಿಟ್ಟುವೆನ್ನೋಣ. ಮೊಟ್ಟೆಯೊಂದಕ್ಕೆ 125 ಗ್ರಾಂ ಆಹಾರವಾಯಿತು. ಆಹಾರದ ಬೆಲೆ ಕಿಲೋಗ್ರಾಮಿಗೆ 4 ರೂಪಾಯಿ ಏರಿದರೆ ಮೊಟ್ಟೆಯ ಖರ್ಚು 50 ಪೈಸೆ ಏರುತ್ತದೆ. ಈ ಆಹಾರದಲ್ಲಿ ಮುಖ್ಯವಾದುದು ಮುಸುಕಿನ ಜೋಳ. ಹನೂರು ಸೀಮೆಯ ಹೊಲಗಳಲ್ಲಿಯೂ ಬೆಳೆಯುವ ಈ ಧಾನ್ಯಕ್ಕೆ ಈಗ ಎಥನಾಲ್ ಕಾರ್ಖಾನೆಗಳೂ ಗಿರಾಕಿಗಳಾಗಿವೆ.

ಋತುವಿನ ಪ್ರಭಾವವೂ ಉಂಟು. ಕೋಳಿಗೆ ಬೆವರಿನ ಗ್ರಂಥಿಗಳಿಲ್ಲ. ಬೇಸಗೆಯಲ್ಲಿ ಅದು ಕೊಕ್ಕು ತೆರೆದು ಏದುಸಿರು ಬಿಡುತ್ತ, ನೀರನ್ನು ಆವಿಯಾಗಿಸಿ ಮೈಯನ್ನು ತಂಪುಮಾಡಿಕೊಳ್ಳುತ್ತದೆ. ಆಗ ಅದು ತಿನ್ನುವುದು ಕಡಿಮೆ. ಮೊಟ್ಟೆ ಚಿಕ್ಕದಾಗುತ್ತದೆ, ಚಿಪ್ಪು ತೆಳುವಾಗುತ್ತದೆ. ಕೊಳ್ಳುವವರೂ ವರ್ಷವಿಡೀ ಒಂದೇ ಸಮನಾಗಿಲ್ಲ. ಶ್ರಾವಣ, ಕಾರ್ತಿಕಗಳ ವ್ರತಕಾಲದಲ್ಲಿ ಬೇಡಿಕೆ ತಗ್ಗುತ್ತದೆ. ಉತ್ತರ ಭಾರತದ ಚಳಿಗಾಲದಲ್ಲಿ ಹೆಚ್ಚುತ್ತದೆ.

ಆದರೆ ತೂಗಾಟದ ಮೂಲ ಇನ್ನೂ ಆಳದಲ್ಲಿದೆ. ಕೆರೆಯ ತೂಬನ್ನು ಎತ್ತಿದ ಕೂಡಲೆ ಕಾಲುವೆಯ ಕೊನೆಯ ಗದ್ದೆಗೆ ನೀರು ಬರುವುದಿಲ್ಲ. ತಾಳ್ಮೆಗೆಟ್ಟವನು ತೂಬನ್ನು ಇನ್ನಷ್ಟು ಎತ್ತಿದರೆ, ನೀರು ಬಂದಾಗ ಬದುವೇ ಒಡೆಯುತ್ತದೆ. ಕೋಳಿ ಸಾಕಣೆಯಲ್ಲಿಯೂ ಹೀಗೆಯೇ. ಬೆಲೆ ಏರಿತೆಂದು ಇಂದು ಮೊಟ್ಟೆಗಳನ್ನು ಮರಿಮಾಡಲಿಟ್ಟರೆ, ಮರಿ ಹೊರಬರಲು 21 ದಿನ. ಆ ಮರಿ ಮೊಟ್ಟೆಯಿಡತೊಡಗಲು ಮತ್ತೆ 18–20 ವಾರ. ಅಷ್ಟರಲ್ಲಿ ಎಲ್ಲರೂ ಹೀಗೆಯೇ ಮಾಡಿದ್ದರೆ ಮೊಟ್ಟೆ ತುಂಬಿ ತುಳುಕಿ ಬೆಲೆ ಕುಸಿಯುತ್ತದೆ. ಕೋಳಿಯೋ ವರ್ಷಕ್ಕೂ ಮೇಲ್ಪಟ್ಟು ಮೊಟ್ಟೆಯಿಡುತ್ತಲೇ ಇರುತ್ತದೆ. ಸಾಲ ಮಾಡಿದ ಸಣ್ಣ ರೈತ ನಷ್ಟ ತಾಳಲಾರದೆ ಕೋಳಿಗಳನ್ನು ಅವಧಿಗೆ ಮುನ್ನವೇ ಮಾಂಸಕ್ಕೆ ಮಾರುತ್ತಾನೆ. ಮೊಟ್ಟೆ ಕಡಿಮೆಯಾಗಿ ಬೆಲೆ ಪುನಃ ಏರುತ್ತದೆ. ಕಾರಣಕ್ಕೂ ಪರಿಣಾಮಕ್ಕೂ ನಡುವೆ ಕಾಲದ ಅಂತರವಿರುವಲ್ಲಿ ತೂಗಾಟ ಹುಟ್ಟುವುದನ್ನು ಭೌತಶಾಸ್ತ್ರದಲ್ಲಿಯೂ ಕಾಣುತ್ತೇವೆ.

ಈ ಬೆಲೆ ನಮ್ಮ ಊರಿನಲ್ಲಿ ಹುಟ್ಟುವುದಲ್ಲ. ಮಲೆ ಮಹದೇಶ್ವರ ಬೆಟ್ಟದಿಂದ ಪಾಲಾರಿನ ಮಾರ್ಗವಾಗಿ ಇಳಿದು, ಮೆಟ್ಟೂರನ್ನು ದಾಟಿ ಮುಂದೆ ಹೋದರೆ ತಮಿಳುನಾಡಿನ ನಾಮಕ್ಕಲ್ ಸಿಕ್ಕುತ್ತದೆ. ಅಲ್ಲಿ ದಿನಕ್ಕೆ ಕೋಟಿಗಟ್ಟಲೆ ಮೊಟ್ಟೆಗಳು ಉತ್ಪತ್ತಿಯಾಗುತ್ತವೆ. ಹಿಂದೆ ವರ್ತಕರು ಹೇಳಿದ್ದೇ ಬೆಲೆಯಾಗಿತ್ತು. 1982ರಲ್ಲಿ ಬಿ. ವಿ. ರಾವ್ ಅವರ ಮುಂದಾಳುತನದಲ್ಲಿ ಸಾಕಣೆದಾರರು ರಾಷ್ಟ್ರೀಯ ಮೊಟ್ಟೆ ಸಮನ್ವಯ ಸಮಿತಿಯನ್ನು ಕಟ್ಟಿಕೊಂಡರು. ನಾಮಕ್ಕಲ್, ಬೆಂಗಳೂರು, ಮೈಸೂರು ಮೊದಲಾದ ಕೇಂದ್ರಗಳಿಗೆ ಅದು ದರವನ್ನು ಸೂಚಿಸುತ್ತದೆ. ಇದರಿಂದ ರೈತನಿಗೆ ಬಲ ಬಂದಿತು. ಆದರೆ ಕೋಳಿ ಬೆಳೆಯುವ ಕಾಲವನ್ನು ಯಾವ ಸಮಿತಿಯೂ ಕುಗ್ಗಿಸಲಾರದು.

ತೂಗಾಟದ ಪೆಟ್ಟು ಶಾಲೆಯ ಮಗುವಿನ ತಟ್ಟೆಯವರೆಗೂ ಬರುತ್ತದೆ. ಕರ್ನಾಟಕದ ಸರ್ಕಾರಿ ಶಾಲೆಗಳ ಮಕ್ಕಳಿಗೆ ಬಿಸಿಯೂಟದೊಡನೆ ಕೊಡುವ ಮೊಟ್ಟೆಗೆ ಹಣವನ್ನು ಮೊದಲೇ ಗೊತ್ತುಪಡಿಸಿರುತ್ತಾರೆ. ಪೇಟೆಯ ಬೆಲೆ ಅದನ್ನು ಮೀರಿದರೆ, ಕಾಡಂಚಿನ ಶಾಲೆಗೆ ಮೊಟ್ಟೆ ಸಾಗಿಸುವ ಖರ್ಚೂ ಸೇರಿ, ಕೊಳ್ಳುವವರ ಕೈ ಕಟ್ಟಿದಂತಾಗುತ್ತದೆ.

ವಿದ್ಯಾರ್ಥಿಗಳು ನಿಮ್ಮ ಊರಿನ ಮೊಟ್ಟೆಯ ಬೆಲೆಯನ್ನು ವಾರಕ್ಕೊಮ್ಮೆಯಂತೆ ಎರಡು ವರ್ಷ ಬರೆದಿಟ್ಟು ನಕ್ಷೆಯನ್ನು ಎಳೆಯಿರಿ. ಅದರ ಏರಿಳಿತಗಳಲ್ಲಿ ಹಬ್ಬ, ಬಿಸಿಲು, ಜೋಳ ಇವುಗಳ ಗುರುತುಗಳನ್ನು ಹುಡುಕಿರಿ. ಐದಾರು ತಿಂಗಳ ಹಿಂದೆ ಬೆಲೆ ಎಷ್ಟಿತ್ತೆಂಬುದನ್ನೂ ಮರೆಯದೆ ನೋಡಿರಿ.