ಸೀಲಿಂಗ್ ದೀಪದ ರಿಪೇರಿ: ಏಣಿ ಕಲಿಸಿದ ಪಾಠಗಳು

ಸಾಗರ, ಶಿವಮೊಗ್ಗದ ಕಡೆ ಮನೆಗಳ ವೈರಿಂಗ್ ಮಾಡುತ್ತ ಬಂದವನು ನಾನು. ದೀಪ ಹತ್ತುತ್ತಿಲ್ಲವೆಂದು ಕರೆಯುವವರು ಅಷ್ಟರಲ್ಲಾಗಲೇ ಬಲ್ಬ್ ಬದಲಿಸಿ ನೋಡಿರುತ್ತಾರೆ. ಕೆಟ್ಟಿರುವುದು ಹೆಚ್ಚಾಗಿ ಬಲ್ಬಿನಾಚೆ: ಹೋಲ್ಡರಿನಲ್ಲಿ, ಜಾಯಿಂಟಿನಲ್ಲಿ, ಸ್ವಿಚ್‌ಬೋರ್ಡಿನಲ್ಲಿ, ಕೆಲವೊಮ್ಮೆ ತಾರಸಿಯ ಮೇಲೆ.

1. ಮೇನ್ ಇಳಿಸಿದರೆ ಸಾಲದು, ಯುಪಿಎಸ್ ಕೂಡ ಆರಿಸಿ.
ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟನ್ನು ನೆಚ್ಚಿಕೊಳ್ಳುವಂತಿಲ್ಲ, ಹಾಗಾಗಿ ಎಷ್ಟೋ ಮನೆಗಳಿಗೆ ಯುಪಿಎಸ್ ಬಂದಿದೆ. ಅದರ ಲೈನ್ ಎಳೆದಿರುವುದೇ ಸೀಲಿಂಗ್ ದೀಪ, ಫ್ಯಾನುಗಳಿಗೆ. ಮೇನ್ ಇಳಿಸಿದ ಕ್ಷಣವೇ ಅದು ಬ್ಯಾಟರಿಯಿಂದ 230 ವೋಲ್ಟಿನಷ್ಟನ್ನು ಅದೇ ಹೋಲ್ಡರಿಗೆ ಕಳಿಸುತ್ತದೆ. ಬರೀ ಯುಪಿಎಸ್ ಆರಿಸಿದರೂ ಪ್ರಯೋಜನವಿಲ್ಲ, ಮೇನಿನ ಕರೆಂಟ್ ಅದರೊಳಗಿಂದಲೇ ಹಾದು ಹೋಗುತ್ತಿರುತ್ತದೆ. ಎರಡನ್ನೂ ಆರಿಸಿ. ನೀವು ಏಣಿಯ ಮೇಲಿರುವಾಗ ಯಾರೂ ಹಾಕದಂತೆ ಮನೆಯವರಿಗೆಲ್ಲ ಹೇಳಿಯೇ ಹತ್ತಿ.

2. ಟೆಸ್ಟರ್ ಉರಿಯಲಿಲ್ಲವೆಂದರೆ ಕರೆಂಟ್ ಇಲ್ಲವೆಂದಲ್ಲ.
ಅದರ ನಿಯಾನ್ ದೀಪ ಉರಿಯುವುದು ನಮ್ಮ ಮೈಮೂಲಕ ಹರಿಯುವ ಅತಿ ಸಣ್ಣ ಕರೆಂಟಿನಿಂದ. ಒಣ ಮರದ ಏಣಿಯ ಮೇಲೆ ರಬ್ಬರ್ ಚಪ್ಪಲಿಯಲ್ಲಿ ನಿಂತರೆ ಅದು ಮಂಕಾಗುತ್ತದೆ. ಕರೆಂಟ್ ಇರುವ ಪಾಯಿಂಟಿನಲ್ಲಿ ಮೊದಲು ಪರೀಕ್ಷಿಸಿ, ಆಮೇಲೆ ಕೆಲಸದ ಜಾಗದಲ್ಲಿ ನೋಡಿ. ಕೈ ಪಳಗಿದವರಿಗೆ ಇನ್ನೊಂದು ಸುಳಿವು: ಬಲ್ಬ್ ಹಾಕಿ ಸ್ವಿಚ್ ಒತ್ತಿದಾಗ ಸೀಲಿಂಗ್ ರೋಸಿನ ಎರಡೂ ಸ್ಕ್ರೂಗಳಲ್ಲಿ ಟೆಸ್ಟರ್ ಉರಿದರೆ ನ್ಯೂಟ್ರಲ್ ಎಲ್ಲೋ ಬಿಟ್ಟುಹೋಗಿದೆ. ಫೇಸ್ ಬಲ್ಬಿನ ಮೂಲಕ ಆಚೆ ಬದಿಗೂ ಬಂದು ನಿಂತಿದೆ.

3. ಕಪ್ಪಾದ ತಾಮ್ರವನ್ನು ಮತ್ತೆ ಬಿಗಿಯಬೇಡಿ.
ಹೊಸ ಎಲ್‌ಇಡಿ ಬಲ್ಬುಗಳು ಒಂದೇ ಜಾಗದಲ್ಲಿ ಮತ್ತೆ ಮತ್ತೆ ಹೋಗುತ್ತಿದ್ದರೆ ಹೋಲ್ಡರ್ ಬಿಚ್ಚಿ. ಹಿಂದೆ 100 ವ್ಯಾಟಿನ ಬಲ್ಬ್ ಉರಿಸಿದ ಹೋಲ್ಡರುಗಳಲ್ಲಿ ಶಾಖಕ್ಕೆ ಸ್ಪ್ರಿಂಗ್ ಸತ್ತಿರುತ್ತದೆ, ಪಿನ್ ಮೇಲೆದ್ದು ಬರುವುದಿಲ್ಲ. ಆಗ ಹಾರುವ ಕಿಡಿ ಬಲ್ಬಿನ ಒಳಗಿನ ಸರ್ಕಿಟ್ಟನ್ನು ತಿನ್ನುತ್ತದೆ. ಹೋಲ್ಡರ್ ಬದಲಿಸುವಾಗ ವೈರಿನ ಸುಟ್ಟ ತುದಿಯನ್ನು ಕೆಂಪು ತಾಮ್ರ ಹೊಳೆಯುವವರೆಗೆ ಕತ್ತರಿಸಿ. ವೈರ್ ಗಿಡ್ಡವಾದರೆ ತಿರುಚಿ ಟೇಪ್ ಸುತ್ತುವುದಕ್ಕಿಂತ ಸ್ಕ್ರೂ ಇರುವ ಕನೆಕ್ಟರ್ ಹಾಕಿ. ಐಎಸ್‌ಐ ಗುರುತಿನ ಹೋಲ್ಡರನ್ನೇ ತನ್ನಿ, ಹತ್ತಿಪ್ಪತ್ತು ರೂಪಾಯಿ ಉಳಿಸುವ ಜಾಗ ಇದಲ್ಲ.

4. ಆರಿಸಿದ ಮೇಲೂ ಮಿಣುಕುವ ಬಲ್ಬನ್ನು ಕಡೆಗಣಿಸಬೇಡಿ.
ಸ್ವಿಚ್ಚಿನಲ್ಲಿ ಇಂಡಿಕೇಟರ್ ಇದ್ದರೆ ಅದರಿಂದ ಸೋರುವ ಕರೆಂಟಿಗೆ ಎಲ್‌ಇಡಿ ಮಿಣುಕಬಹುದು, ಅದು ಅಪಾಯವಲ್ಲ. ಇಂಡಿಕೇಟರ್ ಇಲ್ಲದೆಯೂ ಮಿಣುಕಿದರೆ ನಾನು ನೇರ ಬೋರ್ಡ್ ಬಿಚ್ಚುತ್ತೇನೆ. ಸ್ವಿಚ್ಚಿಗೆ ಫೇಸ್ ಬದಲು ನ್ಯೂಟ್ರಲ್ ಕೊಟ್ಟ ಮನೆಗಳು ಇನ್ನೂ ಇವೆ. ಅಲ್ಲಿ ಸ್ವಿಚ್ ಆಫ್ ಮಾಡಿದರೂ ಹೋಲ್ಡರಿನಲ್ಲಿ ಫೇಸ್ ಹಾಗೇ ಇರುತ್ತದೆ. ಸ್ವಿಚ್ ನಂಬಿ ಬಲ್ಬ್ ಬದಲಿಸಲು ಕೈ ಚಾಚುವುದು ಮನೆಯ ಮಕ್ಕಳೂ ಆಗಿರಬಹುದು. ಇದನ್ನು ಅಂದೇ ಸರಿಪಡಿಸಬೇಕು.

5. ಹಳೆಯ ಟ್ಯೂಬ್‌ಲೈಟ್ ಮಿನುಗಿದರೆ ಮೊದಲು ಸ್ಟಾರ್ಟರ್, ತುದಿ ಕಪ್ಪಾಗಿದ್ದರೆ ಟ್ಯೂಬ್, ಕೊನೆಗೆ ಚೋಕ್.

6. ಫಾಲ್ಸ್ ಸೀಲಿಂಗಿನ ಪ್ಯಾನೆಲ್ ಎಸೆಯುವ ಮುನ್ನ ಅದಕ್ಕೆ ಕರೆಂಟ್ ಕೊಡುವ ಡ್ರೈವರ್ ನೋಡಿ.
ಪಕ್ಕದಲ್ಲಿರುವ ಅದೇ ಮಾದರಿಯ ಪ್ಯಾನೆಲ್ಲಿನ ಡ್ರೈವರ್ ತಂದು ಜೋಡಿಸಿ. ಹತ್ತಿದರೆ ದೀಪ ಚೆನ್ನಾಗಿದೆ, ಡ್ರೈವರ್ ಮಾತ್ರ ತಂದರಾಯಿತು. ಅಂಗಡಿಗೆ ಹಳೆಯದನ್ನೇ ಒಯ್ಯಿರಿ. ವ್ಯಾಟ್ ಒಂದೇ ಇದ್ದರೆ ಸಾಲದು, ಅದರ ಮೇಲೆ ಬರೆದ ಮಿಲಿ ಆಂಪಿಯರ್ ಮತ್ತು ಔಟ್‌ಪುಟ್ ವೋಲ್ಟ್ ಕೂಡ ಹೊಂದಬೇಕು.

7. ನೀರು ಬಂದ ಪಾಯಿಂಟಿಗೆ ಹೊಸ ಫಿಟ್ಟಿಂಗ್ ಹಾಕಬೇಡಿ.
ಮಲೆನಾಡಿನ ಆರ್‌ಸಿಸಿ ಮನೆಗಳಲ್ಲಿ ಇದೇ ದೊಡ್ಡ ಕಾಟ. ತಾರಸಿಯ ಬಿರುಕಿನಿಂದ ಇಳಿದ ನೀರು ಸ್ಲ್ಯಾಬಿನೊಳಗಿನ ಪೈಪ್ ಹಿಡಿದು ಹರಿದು, ಬಿರುಕಿನಿಂದ ದೂರದ ಕೋಣೆಯ ದೀಪದಲ್ಲಿ ತೊಟ್ಟಿಕ್ಕುತ್ತದೆ. ಸೋರುವ ಜಾಗ ದೀಪದ ನೆತ್ತಿಯ ಮೇಲೇ ಇದೆಯೆಂದುಕೊಂಡು ಅಲ್ಲಿ ಸಿಮೆಂಟ್ ಬಳಿದರೆ ಏನೂ ಆಗದು. ಪೈಪ್ ಹೋದ ದಾರಿಯನ್ನೇ ಹುಡುಕಬೇಕು. ಸೋರಿಕೆ ನಿಂತು ಪೈಪ್ ಒಣಗುವವರೆಗೆ ಆ ಪಾಯಿಂಟಿನ ಫೇಸ್, ನ್ಯೂಟ್ರಲ್ ಎರಡನ್ನೂ ಬೋರ್ಡಿನಲ್ಲೇ ಬಿಡಿಸಿ ಟೇಪ್ ಸುತ್ತಿಡಿ. ಸ್ವಿಚ್ ಆಫ್ ಇದ್ದರೂ ನ್ಯೂಟ್ರಲ್ ನೆನೆದು ಅರ್ಥಿಗೆ ಸೋರಿದರೆ ಸೋರುವ ಕರೆಂಟ್ ಕಂಡೊಡನೆ ಲೈನ್ ಕಡಿಯುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಬೀಳುತ್ತದೆ. ಬೀಳುತ್ತದೆಂದು ಅದನ್ನು ಬೈಪಾಸ್ ಮಾಡಿಕೊಡಲು ಕೇಳುವವರಿದ್ದಾರೆ. ಎಷ್ಟು ಒತ್ತಾಯಿಸಿದರೂ ನಾನು ಮಾಡಿಕೊಡುವುದಿಲ್ಲ.