ಸ್ವಂತ ಕಥೆಯೇ ಪಾಠ

ನೆರೆಯವನು ಯಾರೆಂದು ಧರ್ಮೋಪದೇಶಕನೊಬ್ಬನು ಕೇಳಿದಾಗ ಕರ್ತನು ಶಾಸ್ತ್ರದ ವಿಧಿಯನ್ನು ವಿವರಿಸದೆ, ದಾರಿಯಲ್ಲಿ ಗಾಯಗೊಂಡು ಬಿದ್ದವನ ಕಥೆಯನ್ನು ಹೇಳಿದನು. ಪ್ರಾಯಸ್ಥರಿಗೆ ಹಕ್ಕುಗಳನ್ನು ಕಲಿಸುವವರು ಈ ರೀತಿಯನ್ನು ಮರೆಯಬಾರದೆಂಬುದೇ ನಮ್ಮ ಅಭಿಪ್ರಾಯವು.

1948ನೆಯ ಇಸವಿ ಡಿಸೆಂಬರ್ 10ರಂದು ವಿಶ್ವಸಂಸ್ಥೆಯ ಮಹಾಸಭೆಯು ಪ್ಯಾರಿಸ್ ನಗರದಲ್ಲಿ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯನ್ನು ಅಂಗೀಕರಿಸಿತು. ಅದರಲ್ಲಿ 30 ವಿಧಿಗಳುಂಟು. ಮೊದಲನೆಯ ವಿಧಿಯ ಕರಡಿನಲ್ಲಿದ್ದ ಇಂಗ್ಲಿಷ್ ಪದಕ್ಕೆ ಗಂಡಸರು ಮಾತ್ರವೆಂದೂ ಅರ್ಥವಾಗಬಹುದಾಗಿತ್ತು. ಭಾರತದ ಪ್ರತಿನಿಧಿಯಾಗಿದ್ದ ಶ್ರೀಮತಿ ಹಂಸಾ ಮೆಹತಾರವರು ಆಕ್ಷೇಪಿಸಿದ ಫಲವಾಗಿ ಅದು ‘ಎಲ್ಲಾ ಮಾನವರು’ ಎಂಬರ್ಥದ ಪದವಾಗಿ ತಿದ್ದಲ್ಪಟ್ಟಿತು. ಒಂದೇ ಪದದ ಭೇದವಾದರೂ ಅದರೊಳಗೆ ನಮ್ಮ ಹೆಣ್ಣುಮಕ್ಕಳೆಲ್ಲರೂ ಸೇರಿರುವರು.

ಇಂಥ ವಿಧಿಗಳನ್ನು ಮಕ್ಕಳು ಬಾಯಿಪಾಠಮಾಡಿ ಒಪ್ಪಿಸಬಲ್ಲರು. ಸಂಸಾರದ ಭಾರವನ್ನು ಹೊತ್ತ ಹೆಂಗಸಿಗೆ ಆ ಕ್ರಮವು ಒಗ್ಗದು. ಆಕೆಯ ಮನಸ್ಸು ಬರಿಯ ಹಲಗೆಯಲ್ಲ. ಅನುಭವವು ಅದರ ಮೇಲೆ ಆಗಲೇ ಬಹಳ ಬರೆದಿರುತ್ತದೆ. 1963ರಲ್ಲಿ ಬ್ರೆಜಿಲ್ ದೇಶದ ಅಂಜಿಕೋಸ್ ಎಂಬ ಊರಿನಲ್ಲಿ ಪೌಲೊ ಫ್ರೇರೆಯವರು ಸುಮಾರು 300 ಮಂದಿ ಪ್ರಾಯಸ್ಥರಿಗೆ ಸುಮಾರು 40 ಗಂಟೆಗಳಲ್ಲಿ ಓದುಬರಹವನ್ನು ಕಲಿಸಹೊರಟಾಗ, ಅವರ ದಿನದ ಬಾಳಿನ ಪದಗಳನ್ನೂ ಚಿತ್ರಗಳನ್ನೂ ಪಾಠವಾಗಿಟ್ಟರು.

1990ರ ದಶಕದಲ್ಲಿ ಕ್ಯಾಲಿಫೋರ್ನಿಯದಲ್ಲಿ ಡೇನಾ ಆಚ್ಲಿ, ಜೋ ಲ್ಯಾಂಬರ್ಟ್ ಮೊದಲಾದವರು ರೂಪಿಸಿದ ‘ಡಿಜಿಟಲ್ ಕಥನ’ವೂ ಇದೇ ಜಾಡಿನದು. ಕೆಲವರು ವೃತ್ತಾಕಾರವಾಗಿ ಕುಳಿತು ತಂತಮ್ಮ ಬಾಳಿನ ಒಂದು ಕಥೆಯನ್ನು ಹೇಳುವರು; ಇತರರು ಅಡ್ಡಮಾತಿಲ್ಲದೆ ಕೇಳುವರು. ಬಳಿಕ ಅದನ್ನು ಎರಡು ಮೂರು ನಿಮಿಷಕ್ಕೆ ಸಂಕ್ಷೇಪಿಸಿ, ಸ್ವಂತ ಕಂಠದಲ್ಲಿ ಧ್ವನಿಮುದ್ರಣ ಮಾಡಿ, ತಮ್ಮಲ್ಲಿರುವ ಛಾಯಾಚಿತ್ರಗಳೊಡನೆ ಜೋಡಿಸುವರು. ಓದು ಬಾರದವಳು ಬಾಯಿಂದಲೇ ಹೇಳಬಹುದು. ಈಗ ಮೊಬೈಲ್ ಫೋನೇ ಇದಕ್ಕೆ ಸಾಕು.

ಒಂದು ದೃಷ್ಟಾಂತವನ್ನು ಊಹಿಸೋಣ. ಇಟ್ಟಿಗೆ ಹೊರುವ ಹೆಂಗಸೊಬ್ಬಳು, ಅದೇ ಹೊರೆ ಹೊರುವ ಗಂಡಾಳಿಗಿಂತ ತನಗೆ ಕಡಿಮೆ ಕೂಲಿ ದೊರೆಯುವುದನ್ನು ಹೇಳಿದಳೆನ್ನಿರಿ. ಆಗ ಶಿಕ್ಷಕಿಯು ಸಮಾನ ಕೆಲಸಕ್ಕೆ ಸಮಾನ ವೇತನವನ್ನು ಸಾರುವ 23ನೆಯ ವಿಧಿಯನ್ನು ಓದಲಿ. ಹಣೆಬರಹವೆಂದು ಎಣಿಸಿದ್ದುದು ಅನ್ಯಾಯವೆಂದು ಆಕೆಗೆ ಹೊಳೆಯುವುದು. ಕಥೆ ಮೊದಲು, ವಿಧಿ ಆಮೇಲೆ.

ಆದರೂ ಒಂದೆಚ್ಚರಿಕೆಯುಂಟು. ಕಥೆಯು ಹೇಳಿದವಳ ಸೊತ್ತು. ಅಂತರ್ಜಾಲಕ್ಕೆ ಹೋದ ಮುಖವನ್ನೂ ಧ್ವನಿಯನ್ನೂ ಹಿಂದಕ್ಕೆ ತರುವುದು ಬಹು ಕಷ್ಟ. ಮನೆಯಲ್ಲಿ ಪೆಟ್ಟು ತಿಂದವಳ ಕಥೆಯು ಆ ಮನೆಗೇ ತಲುಪಿದರೆ ಆಕೆಯ ಗತಿಯೇನು? ಖಾಸಗಿ ಬಾಳಿಗೂ ಮಾನಕ್ಕೂ ರಕ್ಷಣೆಯನ್ನು 12ನೆಯ ವಿಧಿಯು ಹೇಳುತ್ತದೆ. ಆದುದರಿಂದ ಹೆಸರನ್ನು ಮರೆಮಾಡಲು, ಮುಖದ ಬದಲು ಕೈಯ ಅಥವಾ ಹೊಸ್ತಿಲಿನ ಚಿತ್ರವನ್ನಿಡಲು, ಯಾರಿಗೂ ತೋರಿಸಬೇಡಿರೆಂದು ಕಡೆಯ ಗಳಿಗೆಯಲ್ಲಿಯೂ ಹೇಳಲು ಆಕೆಗೆ ಅವಕಾಶವಿರತಕ್ಕದ್ದು. ಚಿತ್ರವು ಚೆನ್ನಾಗಿ ಬಂದಿದೆಯೆಂದು ನಾವು ಒತ್ತಾಯಪಡಿಸಿದರೆ, ಹಕ್ಕನ್ನು ಬೋಧಿಸುತ್ತಲೇ ಅದನ್ನು ಕಸಿದುಕೊಂಡಂತಾಗುವುದು. ಆಕೆಯ ‘ಬೇಡ’ವನ್ನು ಮನ್ನಿಸುವುದೇ ಆ ತರಗತಿಯ ಶ್ರೇಷ್ಠ ಪಾಠವು.

ಈ ಶಾಲೆಯಲ್ಲಿ ಓದಿದ ಸಹೋದರಿಯರೇ, ತಾಯಿತಂದೆಗಳೇ, ವಿದ್ಯೆಯು ಪ್ರತಿಯೊಬ್ಬರ ಹಕ್ಕೆಂದು 26ನೆಯ ವಿಧಿಯು ಸಾರುತ್ತದೆ. ನಮಗೆ ಅದು ಬಾಲ್ಯದಲ್ಲಿಯೇ ದೊರೆಯಿತು. ಅದು ದೊರೆಯದೆ ಉಳಿದ ತಾಯಂದಿರು ನಮ್ಮ ನೆರೆಯವರೇ ಸರಿ. ಅವರಿಗೆ ಕಲಿಸುವುದಕ್ಕೆ ಮೊದಲು ಅವರ ಬಳಿ ಕುಳಿತು ಕೇಳೋಣ.