ಗಲ್ಲಾದಿಂದ ಡ್ಯಾಶ್‌ಬೋರ್ಡ್‌ಗೆ: ಹನ್ನೆರಡು ಸೂತ್ರಗಳು

ನವಿ ಮುಂಬಯಿಯ ಕೋಪರಖೈರಣೆಯ ಕನ್ನಡ ಮನೆಗಳಲ್ಲಿ ಎರಡು ತಲೆಮಾರು, ಎರಡು ಬಗೆಯ ಲೆಕ್ಕ. ಹಿರಿಯರು ಹೋಟೆಲು, ಕೇಟರಿಂಗ್, ಅಂಗಡಿ ನಡೆಸುತ್ತಾರೆ. ಬಿಲ್ಲಿಂಗ್ ಯಂತ್ರ ಬಂದು ವರ್ಷಗಳಾದರೂ ಲಾಭ-ನಷ್ಟ ಅವರ ತಲೆಯಲ್ಲೇ ಇದೆ. ಮಕ್ಕಳು ಮಹಾಪೆ, ಘನ್ಸೋಲಿ, ಐರೋಲಿಯ ಕಚೇರಿಗಳಲ್ಲಿ ದಿನವಿಡೀ ಎಕ್ಸೆಲ್, ಪವರ್ ಬಿಐ ಎಂದು ಕೂರುತ್ತಾರೆ, ಇಲ್ಲವೇ ಅಂಥ ಕೆಲಸ ಹುಡುಕುತ್ತಿದ್ದಾರೆ. ಒಬ್ಬರಿಗೆ ವ್ಯವಹಾರ ಗೊತ್ತು, ಇನ್ನೊಬ್ಬರಿಗೆ ತಂತ್ರಾಂಶ ಗೊತ್ತು. ಬಿಸಿನೆಸ್ ಇಂಟೆಲಿಜೆನ್ಸ್, ಅಂದರೆ ಬಿಐ, ಎರಡನ್ನೂ ಕೇಳುತ್ತದೆ. ಅಲ್ಲೊಂದು ಇಲ್ಲೊಂದು ಬಿದ್ದಿರುವ ಲೆಕ್ಕವನ್ನು ಒಂದೆಡೆ ತಂದು, ಶುದ್ಧಮಾಡಿ, ತೀರ್ಮಾನ ತೆಗೆದುಕೊಳ್ಳುವವರ ಕಣ್ಣಮುಂದೆ ಇಡುವುದೇ ಅದರ ಕೆಲಸ. ಐಬಿಎಂನ ಹ್ಯಾನ್ಸ್ ಪೀಟರ್ ಲೂನ್ 1958ರಲ್ಲೇ ಈ ವಿಷಯದ ಮೇಲೆ ಲೇಖನ ಬರೆದಿದ್ದರು. ಇಂದಿನ ಅರ್ಥದಲ್ಲಿ ಈ ಮಾತನ್ನು ಚಾಲ್ತಿಗೆ ತಂದವರು 1989ರಲ್ಲಿ ಹೋವರ್ಡ್ ಡ್ರೆಸ್ನರ್. ರೈಲು ನಿಲ್ದಾಣದ ಹತ್ತಿರ ಒಂದು ಉಡುಪಿ ಹೋಟೆಲು ಇದೆ ಎಂದಿಟ್ಟುಕೊಂಡು ಮುಂದಿನ ಸೂತ್ರಗಳನ್ನು ಓದಿ.

1. ಪರದೆಗೆ ಮುಂಚೆ ಪ್ರಶ್ನೆ

"ನಮಗೂ ಒಂದು ಡ್ಯಾಶ್‌ಬೋರ್ಡ್ ಬೇಕು" ಎಂದರೆ ಯಾರಿಗೂ ಏನೂ ಅರ್ಥವಾಗದು. "ಸಂಜೆ ನಾಲ್ಕರಿಂದ ಏಳರವರೆಗೆ ಎಷ್ಟು ಸಪ್ಲೈಯರ್ ಬೇಕು?", "ಸ್ವಿಗ್ಗಿ, ಝೊಮ್ಯಾಟೊ ಆರ್ಡರಿನಲ್ಲಿ ಕಮಿಷನ್ ಕಳೆದು ಏನು ಉಳಿಯುತ್ತದೆ?", "ಮೆನುವಿನಿಂದ ಯಾವ ಐಟಂ ತೆಗೆಯಬಹುದು?" ಎಂದು ಕೇಳಿ. ಪ್ರತಿ ಪ್ರಶ್ನೆಯ ಮುಂದೆ ಮೂರು ಕಲಂ ಹಾಕಿ: ಉತ್ತರ ಯಾರಿಗೆ ಬೇಕು, ಯಾವಾಗ ಬೇಕು, ಅಂಕಿ ಏರಿದರೆ ಅಥವಾ ಇಳಿದರೆ ಅವರು ಏನು ಮಾಡುತ್ತಾರೆ. ಮೂರನೆಯ ಕಲಂ ಖಾಲಿ ಉಳಿದರೆ ಆ ಪ್ರಶ್ನೆಯನ್ನು ಹೊಡೆದುಹಾಕಿ. ಯಾರೂ ಏನೂ ಮಾಡದ ಅಂಕಿಗೆ ಪರದೆಯಲ್ಲಿ ಜಾಗವಿಲ್ಲ.

2. ವರದಿ ಬೇರೆ, ಡ್ಯಾಶ್‌ಬೋರ್ಡ್ ಬೇರೆ

ವರದಿ ಕೂತು ಓದುವಂಥದು: ತಿಂಗಳ ಐಟಂವಾರು ಮಾರಾಟ, ಉದ್ರಿ ಬಾಕಿಯ ಪಟ್ಟಿ, ಆಡಿಟರ್ ಕೇಳುವ ಜಿಎಸ್‌ಟಿ ವಿವರ. ಡ್ಯಾಶ್‌ಬೋರ್ಡ್ ನಿಂತಲ್ಲೇ ಕಣ್ಣಾಡಿಸುವಂಥದು. ಡ್ಯಾಶ್‌ಬೋರ್ಡ್ ವಿನ್ಯಾಸದ ಬಗ್ಗೆ 2006ರಲ್ಲಿ ಪುಸ್ತಕ ಬರೆದ ಸ್ಟೀಫನ್ ಫ್ಯೂ ಅವರ ಒತ್ತಾಯವೂ ಅದೇ, ಮುಖ್ಯ ಸಂಗತಿಯೆಲ್ಲ ಒಂದೇ ಪರದೆಯಲ್ಲಿ, ಒಂದೇ ನೋಟಕ್ಕೆ ಸಿಗಬೇಕು. ಐದಾರು ಅಂಕಿ ಸಾಕು. ಮೊಬೈಲಿನಲ್ಲಿ ಬೆರಳು ಸವೆಯುವಷ್ಟು ಕೆಳಗೆ ಜಾರಿಸಬೇಕಾದರೆ ಅದು ವರದಿಯೇ. ಹೆಸರು ಮಾತ್ರ ಡ್ಯಾಶ್‌ಬೋರ್ಡ್.

3. ಲೆಕ್ಕ ಎಲ್ಲೆಲ್ಲಿ ಹುಟ್ಟುತ್ತದೆ ಎಂದು ಪಟ್ಟಿ ಮಾಡಿ

ಬಿಲ್ಲಿಂಗ್ ಯಂತ್ರ, ಡೆಲಿವರಿ ಆ್ಯಪ್‌ಗಳ ಸ್ಟೇಟ್‌ಮೆಂಟ್, ಯುಪಿಐ ಜಮೆ, ಕೆಲಸಗಾರರ ಹಾಜರಿ ಪುಸ್ತಕ, ವಾಶಿ ಎಪಿಎಂಸಿಯಿಂದ ಬಂದ ಖರೀದಿ ಚೀಟಿ. ಇವುಗಳ ಜೊತೆಗೆ ಟ್ಯಾಲಿ. 1986ರಲ್ಲಿ ಬೆಂಗಳೂರಿನ ಶ್ಯಾಮ್ ಸುಂದರ್ ಗೋಯೆಂಕಾ ಮತ್ತು ಮಗ ಭರತ್ ಗೋಯೆಂಕಾ ಶುರುಮಾಡಿದ ಈ ತಂತ್ರಾಂಶ ಅಕೌಂಟೆಂಟರ ಮೇಜಿನ ಮೇಲೆ ಹೇಗೂ ಇರುತ್ತದೆ, ಅದರ ವರದಿಗಳನ್ನು ಎಕ್ಸೆಲ್‌ಗೆ ಇಳಿಸಿಕೊಳ್ಳಬಹುದು. ದೊಡ್ಡ ತೂತು ಇರುವುದು ಸಾಮಾನ್ಯವಾಗಿ ಖರೀದಿ ಚೀಟಿಯಲ್ಲಿ. ನಾಳೆಯಿಂದಲೇ ಒಂದು ಗೂಗಲ್ ಶೀಟ್ ತೆರೆದು ದಿನಾಂಕ, ಮಾಲು, ತೂಕ, ದರ, ಯಾರಿಂದ ಎಂಬ ಐದು ಕಲಂ ತುಂಬಿಸಿ. ಖರ್ಚಿನ ಲೆಕ್ಕವಿಲ್ಲದೆ ಮಾರಾಟದ ಚಾರ್ಟು ಎಷ್ಟು ಚೆನ್ನಾಗಿದ್ದರೂ ಲಾಭ ಹೇಳಲಾರದು.

4. ಒಂದು ಐಟಂಗೆ ಒಂದೇ ಹೆಸರು

ಕ್ಯಾಶಿಯರ್ ಬದಲಾದಂತೆ ಯಂತ್ರದಲ್ಲಿ 'ಮೆದುವಡಾ', 'ಮೇದು ವಡಾ', 'ಉದ್ದಿನವಡೆ' ಎಂದು ಒಂದೇ ವಡೆಗೆ ಮೂರು ಹೆಸರು ಸೇರಿಕೊಳ್ಳುತ್ತವೆ. ತಂತ್ರಾಂಶಕ್ಕೆ ಅವು ಮೂರು ಬೇರೆ ವಡೆಗಳು. ಹೆಚ್ಚು ಓಡುವ ಐಟಂ ಕೂಡ ಪಟ್ಟಿಯಲ್ಲಿ ಕೆಳಗೆ ಬೀಳುತ್ತದೆ. ಪ್ರತಿ ಐಟಂಗೂ ಒಂದು ಕೋಡ್ ಕೊಡಿ. ದಿನಾಂಕದ ಕಡೆಗೂ ಗಮನವಿರಲಿ. 03/04 ನಮಗೆ ಏಪ್ರಿಲ್ 3, ಅಮೆರಿಕದ ಸೆಟ್ಟಿಂಗ್ ಇರುವ ಕಂಪ್ಯೂಟರಿಗೆ ಮಾರ್ಚ್ 4. ಎಕ್ಸೆಲ್ ಮತ್ತು ಪವರ್ ಬಿಐ ಎರಡರಲ್ಲೂ ಇರುವ ಪವರ್ ಕ್ವೆರಿ ಇಂಥ ಶುಚಿಕಾರ್ಯದ ಹೆಜ್ಜೆಗಳನ್ನು ನೆನಪಿಟ್ಟುಕೊಳ್ಳುತ್ತದೆ. ಒಮ್ಮೆ ಹೇಳಿಕೊಟ್ಟರೆ ಮುಂದಿನ ತಿಂಗಳ ಫೈಲಿಗೆ 'ರಿಫ್ರೆಶ್' ಒತ್ತಿದರಾಯಿತು.

5. 'ಮಾರಾಟ' ಎಂದರೆ ಏನೆಂದು ಬರೆದಿಡಿ

ಜಿಎಸ್‌ಟಿ ಸೇರಿಸಿಯೋ, ಬಿಟ್ಟೋ? ಡಿಸ್ಕೌಂಟ್ ಕಳೆದೋ, ಕಳೆಯದೆಯೋ? ರದ್ದಾದ ಬಿಲ್ಲು ಎಲ್ಲಿ ಹೋಯಿತು? ಸಾಮಾನ್ಯ ರೆಸ್ಟೋರೆಂಟಿಗೆ ತೆರಿಗೆ ಶೇ 5, ಆದರೆ ಖರೀದಿಯ ಮೇಲೆ ಕಟ್ಟಿದ ಜಿಎಸ್‌ಟಿಯನ್ನು ಹಿಂಪಡೆಯುವಂತಿಲ್ಲ. ಹಾಗಾಗಿ ಎಣ್ಣೆ, ಗ್ಯಾಸ್, ಪ್ಯಾಕಿಂಗ್ ಡಬ್ಬಿಯ ತೆರಿಗೆಯೂ ನಿಮ್ಮ ಖರ್ಚೇ. 2022ರ ಜನವರಿ 1ರಿಂದ ಆ್ಯಪ್ ಮೂಲಕ ಹೋದ ಊಟದ ಜಿಎಸ್‌ಟಿಯನ್ನು ಆ್ಯಪ್ ಕಂಪನಿಯೇ ಕಟ್ಟುತ್ತದೆ. ಎರಡು ದಾರಿಯ ಬಿಲ್ಲುಗಳನ್ನು ಕಣ್ಣುಮುಚ್ಚಿ ಕೂಡಿಸಬೇಡಿ.

ಒಂದು ಥಾಲಿಯ ಲೆಕ್ಕ ನೋಡಿ, ಅಂಕಿಗಳು ಉದಾಹರಣೆಗೆ ಮಾತ್ರ. ಕೌಂಟರಿನಲ್ಲಿ ತೆರಿಗೆ ಬಿಟ್ಟು 160 ರೂಪಾಯಿ, ಕಚ್ಚಾಮಾಲಿಗೆ 80, ಉಳಿದದ್ದು 80. ಆ್ಯಪ್‌ನಲ್ಲಿ 200 ರೂಪಾಯಿ, ಕಮಿಷನ್ ಮತ್ತಿತರ ಕಡಿತ 50, ಪ್ಯಾಕಿಂಗ್ 10, ಕಚ್ಚಾಮಾಲು 80, ಉಳಿದದ್ದು 60. ಹೆಚ್ಚು ಬೆಲೆಗೆ ಮಾರಿ ಕಡಿಮೆ ಗಳಿಸಿದ್ದು ಬರಿಯ ಮಾರಾಟದ ಚಾರ್ಟಿನಲ್ಲಿ ಕಾಣಿಸುವುದೇ ಇಲ್ಲ.

6. ನಡೆದದ್ದು ಒಂದು ಕೋಷ್ಟಕ, ವಿವರ ಇನ್ನೊಂದು

ಎಲ್ಲವನ್ನೂ ಒಂದೇ ಅಗಲವಾದ ಶೀಟಿಗೆ ತುರುಕಬೇಡಿ. ಬಿಲ್ಲಿನ ಪ್ರತಿ ಸಾಲು ಒಂದು ಕೋಷ್ಟಕದಲ್ಲಿರಲಿ: ಯಾವ ದಿನ, ಯಾವ ಗಂಟೆ, ಯಾವ ಕೋಡ್, ಎಷ್ಟು ಪ್ಲೇಟು, ಎಷ್ಟು ಹಣ. ಐಟಂಗಳ ಹೆಸರು ಮತ್ತು ಬಗೆ, ಮಾಲು ಕೊಡುವವರ ವಿವರ, ದಿನಾಂಕ ಇವೆಲ್ಲ ಬೇರೆ ಬೇರೆ ಸಣ್ಣ ಕೋಷ್ಟಕಗಳಲ್ಲಿರಲಿ. ಕೋಡ್ ಮೂಲಕ ಜೋಡಿಸಿ. ನಡುವೆ ಒಂದು, ಸುತ್ತ ನಾಲ್ಕಾರು ಎಂಬ ಈ ಜೋಡಣೆಗೆ ಸ್ಟಾರ್ ಸ್ಕೀಮಾ ಎನ್ನುತ್ತಾರೆ. ರಾಲ್ಫ್ ಕಿಂಬಲ್ 1996ರ ತಮ್ಮ ಪುಸ್ತಕದಿಂದ ಇದನ್ನು ಮನೆಮಾತಾಗಿಸಿದರು. ಸಾಲುಗಳ ನಡುವೆ 'ಒಟ್ಟು' ಬರೆಯುವ ಚಟ ಬಿಡಿ. ತಂತ್ರಾಂಶ ಆ ಒಟ್ಟನ್ನೂ ಸೇರಿಸಿ ಮತ್ತೊಮ್ಮೆ ಕೂಡಿಬಿಡುತ್ತದೆ.

7. ದಿನಾಂಕದ ಕೋಷ್ಟಕಕ್ಕೆ ಪಂಚಾಂಗ ಸೇರಿಸಿ

ತರಬೇತಿ ಕ್ಲಾಸುಗಳಲ್ಲಿ ಹೇಳಿಕೊಡದ, ನಮ್ಮ ಕಡೆ ತೀರಾ ಬೇಕಾದ ಸೂತ್ರವಿದು. ಗಣೇಶ ಚತುರ್ಥಿ 2023ರಲ್ಲಿ ಸೆಪ್ಟೆಂಬರ್ 19ಕ್ಕೆ, 2024ರಲ್ಲಿ ಸೆಪ್ಟೆಂಬರ್ 7ಕ್ಕೆ, 2025ರಲ್ಲಿ ಆಗಸ್ಟ್ 27ಕ್ಕೆ ಬಂತು. ಆಗಸ್ಟಿಗೆ ಆಗಸ್ಟು ಹೋಲಿಸಿ "ವ್ಯಾಪಾರ ಏರಿತು" ಎಂದರೆ ಅದು ಹಬ್ಬದ ಏರಿಕೆ. ಸಂಕಷ್ಟಿ, ಏಕಾದಶಿ ದಿನ ಸಾಬೂದಾನಾ ಖಿಚಡಿ ಕೇಳುವವರು ಹೆಚ್ಚು. ಶ್ರಾವಣದಲ್ಲಿ ಮಾಂಸಾಹಾರ ಬಿಟ್ಟವರು ಸಸ್ಯಾಹಾರಿ ಹೋಟೆಲಿಗೆ ಬರುತ್ತಾರೆ. ಒಂದೊಂದು ದಿನದ ಮುಂದೆ ವಾರ, ಹಬ್ಬ, ಉಪವಾಸ, ಶಾಲೆ ರಜೆ, ಭಾರೀ ಮಳೆ, ರೈಲ್ವೆಯ ಮೆಗಾ ಬ್ಲಾಕ್ ಎಂದು ಗುರುತು ಹಾಕಿ. ಆಮೇಲೆ ಸೋಮವಾರವನ್ನು ಸೋಮವಾರಕ್ಕೇ, ಏಕಾದಶಿಯನ್ನು ಏಕಾದಶಿಗೇ ಹೋಲಿಸಿ. ಐಟಿ ಕಚೇರಿಗಳ ಜನರನ್ನು ನಂಬಿದ ಹೋಟೆಲಿಗೆ ಭಾನುವಾರ ಇಳಿದ ಮಾರಾಟ ನಷ್ಟವಲ್ಲ, ವಾಡಿಕೆ.

8. ತಂತ್ರಾಂಶ ಕೊನೆಗೆ ಆರಿಸಿ

ಒಂದೇ ಹೋಟೆಲಿಗೆ ಎಕ್ಸೆಲ್‌ನ ಪಿವಟ್ ಟೇಬಲ್ ಧಾರಾಳ ಸಾಕು. ಗೂಗಲ್ ಶೀಟ್ ಬಳಸುವವರು ಲುಕರ್ ಸ್ಟುಡಿಯೊದಲ್ಲಿ, 2022ರ ತನಕ ಡೇಟಾ ಸ್ಟುಡಿಯೊ ಎನ್ನುತ್ತಿದ್ದುದರಲ್ಲಿ, ಖರ್ಚಿಲ್ಲದೆ ಡ್ಯಾಶ್‌ಬೋರ್ಡ್ ಕಟ್ಟಬಹುದು. 2015ರಲ್ಲಿ ಬಂದ ಮೈಕ್ರೋಸಾಫ್ಟ್ ಪವರ್ ಬಿಐ ಡೆಸ್ಕ್‌ಟಾಪ್ ಉಚಿತ, ಆದರೆ ವಿಂಡೋಸ್‌ನಲ್ಲಿ ಮಾತ್ರ ನಡೆಯುತ್ತದೆ. ಇತರರೊಂದಿಗೆ ಸುರಕ್ಷಿತವಾಗಿ ಹಂಚಿಕೊಳ್ಳಲು ಹಣ ಕೊಟ್ಟ ಲೈಸೆನ್ಸ್ ಬೇಕು. ಟ್ಯಾಬ್ಲೋ ಚಿತ್ರಣದಲ್ಲಿ ಗಟ್ಟಿ. ಚೆನ್ನೈ ಮೂಲದ ಝೋಹೋದ ಅನಾಲಿಟಿಕ್ಸ್ ಸಣ್ಣ ವ್ಯವಹಾರಗಳ ಕಡೆ ನೋಡಿ ಮಾಡಿದ್ದು. ಸ್ವಂತ ಸರ್ವರ್ ನಿಭಾಯಿಸಬಲ್ಲವರಿಗೆ ಮೆಟಾಬೇಸ್, ಅಪಾಚೆ ಸೂಪರ್‌ಸೆಟ್‌ಗಳಂಥ ಮುಕ್ತ ತಂತ್ರಾಂಶಗಳಿವೆ. ಮೊದಲ ಐದು ಸೂತ್ರ ಮುಗಿಸದೆ ಯಾವುದನ್ನು ಕೊಂಡರೂ ದುಡ್ಡು ದಂಡ.

9. ಚಿತ್ರ ಸರಳವಿರಲಿ, ಪ್ರಾಮಾಣಿಕವಿರಲಿ

ಕಂಬದ ಮತ್ತು ಗೆರೆಯ ಚಾರ್ಟನ್ನು 1786ರಲ್ಲಿ, ಪೈ ಚಾರ್ಟನ್ನು 1801ರಲ್ಲಿ ಸ್ಕಾಟ್ಲೆಂಡಿನ ವಿಲಿಯಂ ಪ್ಲೇಫೇರ್ ಜಗತ್ತಿಗೆ ಕೊಟ್ಟರು. ಇವತ್ತಿಗೂ ಮೊದಲ ಎರಡೇ ಹೆಚ್ಚು ದುಡಿಯುತ್ತವೆ: ಹೋಲಿಕೆಗೆ ಕಂಬ, ಕಾಲದ ಏರಿಳಿತಕ್ಕೆ ಗೆರೆ. ಕಂಬ ಸೊನ್ನೆಯಿಂದಲೇ ಏಳಬೇಕು. ನಡುವಿನಿಂದ ಶುರುಮಾಡಿದರೆ ಸಣ್ಣ ವ್ಯತ್ಯಾಸ ದೊಡ್ಡದಾಗಿ ಕಾಣುತ್ತದೆ. ಪೈ ಚಾರ್ಟು ಮೂರ್ನಾಲ್ಕು ತುಂಡಿಗೆ ಸರಿ, ಇಪ್ಪತ್ತು ಐಟಂಗೆ ಬೇಡ. ಸ್ಪೀಡೋಮೀಟರಿನಂಥ ಗಡಿಯಾರಗಳು ಜಾಗ ತಿನ್ನುತ್ತವೆ, ಹೇಳುವುದು ಒಂದೇ ಅಂಕಿ. ಕೆಂಪು-ಹಸಿರು ಬೇರ್ಪಡಿಸಲಾಗದ ಕಣ್ಣುಗಳೂ ಇವೆ, ಬಣ್ಣದ ಜೊತೆ ಬಾಣದ ಗುರುತನ್ನೂ ಇಡಿ. ಲಕ್ಷ, ಕೋಟಿಯಲ್ಲಿ ತೋರಿಸಿ; ನಮ್ಮ ಹಿರಿಯರು ಮಿಲಿಯನ್‌ನಲ್ಲಿ ಯೋಚಿಸುವುದಿಲ್ಲ.

10. ದಿನವೂ ತಾಳೆ ಹಾಕಿ

ಪರದೆಯ ಮೇಲಿನ ಮಾರಾಟ, ಗಲ್ಲಾದ ನಗದು, ಯುಪಿಐ ಜಮೆ, ಕಾರ್ಡ್, ಉದ್ರಿ ಎಲ್ಲವೂ ಕೂಡಿ ಹೊಂದಬೇಕು. ಆ್ಯಪ್ ಕಂಪನಿಗಳು ಅಂದಂದೇ ಹಣ ಕೊಡದೆ ಕಡಿತ ಹಿಡಿದು ಕಂತಿನಲ್ಲಿ ಜಮೆ ಮಾಡುತ್ತವೆ. ಆರ್ಡರಿನ ದಿನ ಮತ್ತು ಹಣ ಬಂದ ದಿನ ಎರಡನ್ನೂ ದಾಖಲಿಸಿ. ಮೂಲೆಯಲ್ಲಿ "ಕೊನೆಯ ಅಪ್‌ಡೇಟ್: ಇಂದು ಬೆಳಿಗ್ಗೆ 6 ಗಂಟೆ" ಎಂಬ ಸಾಲು ಕಡ್ಡಾಯ. ಒಮ್ಮೆ ತಪ್ಪು ಅಂಕಿ ತೋರಿಸಿದರೆ ಯಜಮಾನರು ಮತ್ತೆ ಕಣ್ಣಂದಾಜಿಗೆ ಮರಳುತ್ತಾರೆ, ಅವರನ್ನು ತಿರುಗಿ ಕರೆತರುವುದು ಕಷ್ಟ.

11. ಯಾರಿಗೆ ಎಷ್ಟು ಕಾಣಬೇಕು

ಶಾಖೆಯ ಮ್ಯಾನೇಜರಿಗೆ ಅವರ ಶಾಖೆ, ಮಾಲಕರಿಗೆ ಎಲ್ಲವೂ. ಪವರ್ ಬಿಐನಲ್ಲಿ ಸಾಲುಸಾಲಿಗೆ ಅನುಮತಿ ಕೊಡುವ ಸೌಲಭ್ಯ ಇದಕ್ಕೇ ಇದೆ. ಅದೇ ತಂತ್ರಾಂಶದ 'ಪಬ್ಲಿಶ್ ಟು ವೆಬ್' ಒತ್ತಿದರೆ ನಿಮ್ಮ ಲೆಕ್ಕ ಊರಿಗೆಲ್ಲ ತೆರೆದಂತೆ. ಟ್ಯಾಬ್ಲೋ ಪಬ್ಲಿಕ್ ಕೂಡ ಹಾಗೆಯೇ. ಗಿರಾಕಿಗಳ ಮೊಬೈಲ್ ನಂಬರು ಡ್ಯಾಶ್‌ಬೋರ್ಡಿಗೆ ಬೇಡ. ವೈಯಕ್ತಿಕ ಮಾಹಿತಿ ರಕ್ಷಣೆಗೆಂದೇ 2023ರಲ್ಲಿ ದೇಶದಲ್ಲಿ ಕಾಯ್ದೆ ಆಗಿದೆ.

12. ಕೆಲಸ ಹುಡುಕುವವರು ವಾಶಿ ಮಾರುಕಟ್ಟೆಯಿಂದ ಶುರುಮಾಡಿ

ಇಂಟರ್‌ವ್ಯೂಗೆ ಎಲ್ಲರೂ ಒಯ್ಯುವ ಅಮೆರಿಕನ್ ಸೂಪರ್‌ಸ್ಟೋರಿನ ಮಾದರಿ ಡ್ಯಾಶ್‌ಬೋರ್ಡ್ ನೋಡಿ ನೋಡಿ ಕೇಳುವವರಿಗೆ ಸಾಕಾಗಿರುತ್ತದೆ. ಕೇಂದ್ರ ಸರ್ಕಾರದ ಅಗ್‌ಮಾರ್ಕ್‌ನೆಟ್‌ನಲ್ಲಿ ಮಂಡಿಗಳ ಆವಕ ಮತ್ತು ಕನಿಷ್ಠ, ಗರಿಷ್ಠ, ಹೆಚ್ಚು ನಡೆದ ಬೆಲೆ ದಿನವಾರು ಸಿಗುತ್ತವೆ. ಮಗ್ಗುಲಲ್ಲೇ ಕಾಂದಾ-ಬಟಾಟಾ ಮಾರುಕಟ್ಟೆ ಇದೆ. ಈರುಳ್ಳಿಯ ಬೆಲೆ ಯಾವ ತಿಂಗಳು ಏರುತ್ತದೆ, ಆವಕ ಇಳಿದ ಎಷ್ಟು ದಿನಕ್ಕೆ ಬೆಲೆ ಜಿಗಿಯುತ್ತದೆ, ಹುಬ್ಬಳ್ಳಿ ಮತ್ತು ವಾಶಿ ಬೆಲೆಗಳ ಅಂತರವೆಷ್ಟು ಎಂದು ಕಟ್ಟಿ ತೋರಿಸಿ. ಡೇಟಾಬೇಸಿನಿಂದ ಲೆಕ್ಕ ಕೇಳಿ ತೆಗೆಯುವ ಭಾಷೆ ಎಸ್‌ಕ್ಯುಎಲ್ ಕಲಿಯಿರಿ, ತಂತ್ರಾಂಶ ಬದಲಾದರೂ ಅದು ಕೈಬಿಡುವುದಿಲ್ಲ. ಮೈಕ್ರೋಸಾಫ್ಟ್‌ನ ಪವರ್ ಬಿಐ ಪರೀಕ್ಷೆ ಪಿಎಲ್-300 ಆಮೇಲೆ ಬರೆಯಬಹುದು. ಪ್ರಮಾಣಪತ್ರ ಬಾಗಿಲು ತೆರೆಸೀತು, ಒಳಗೆ ಕೂತ ಮೇಲೆ "ಈ ಅಂಕಿಯಿಂದ ಯಾರು ಏನು ಮಾಡಬೇಕು?" ಎಂಬುದಕ್ಕೆ ಉತ್ತರ ನೀವೇ ಕೊಡಬೇಕು.

ಡ್ಯಾಶ್‌ಬೋರ್ಡ್ ಕಟ್ಟುವುದಕ್ಕಿಂತ ಅದನ್ನು ಬಳಸುವುದು ಕಷ್ಟ. ವಾರಕ್ಕೊಮ್ಮೆ ಹತ್ತು ನಿಮಿಷ ಅಪ್ಪ-ಮಕ್ಕಳು, ಇಲ್ಲವೇ ಮಾಲಕರು-ಮ್ಯಾನೇಜರು ಪರದೆಯ ಮುಂದೆ ಕೂತು ಒಂದು ತೀರ್ಮಾನ ಬರೆದೇ ಏಳಿ. ಮೂರು ತಿಂಗಳು ಯಾರೂ ನೋಡದ ಚಾರ್ಟನ್ನು ಅಳಿಸಿ. ಈ ವಾರ ಎಲ್ಲವನ್ನೂ ಮಾಡಬೇಕಿಲ್ಲ. ನಿಮ್ಮ ವ್ಯವಹಾರಕ್ಕೆ ಬೇಕಾದ ಒಂದೇ ಒಂದು ಪ್ರಶ್ನೆ ಬರೆದು, ಅದಕ್ಕೆ ಬೇಕಾದ ಲೆಕ್ಕವನ್ನು ಮಾತ್ರ ಕೂಡಿಸಲು ಶುರುಮಾಡಿ.